ಅಂಚೆಯಲ್ಲಿ ಬಂದ ‘ಕ್ಲೋನ್’ ಕಂಪ್ಯೂಟರ್: ನೋಡದೆ ಕೊಳ್ಳುವ ವಸ್ತುವಿನ ಗುಣಮಟ್ಟ ತಿಳಿಯುವುದು ಹೇಗೆ?

ಫಲಿತಾಂಶ ಬಂದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. “ಸರ್, ಕಂಪ್ಯೂಟರ್ ತೆಗೆದುಕೊಳ್ಳಬೇಕು. ಆನ್‌ಲೈನ್‌ನಲ್ಲಿ ತರಿಸಲಾ, ಅಸೆಂಬಲ್ ಮಾಡಿಸಲಾ, ಇಲ್ಲ ಕಂಪನಿಯದ್ದೇ ತೆಗೆದುಕೊಳ್ಳಲಾ?” ಕೇಳುವವರ ಹಿಂದೆ ಮನೆಯವರು ಒಂದೆರಡು ವರ್ಷ ಕೂಡಿಟ್ಟ ಹಣ ಇರುತ್ತದೆ. ಕೆಲವೊಮ್ಮೆ ಅಕ್ಕನ ಬಳೆಯ ಮೇಲೆ ತೆಗೆದ ಸಾಲವೂ ಇರುತ್ತದೆ. ಆದ್ದರಿಂದ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಈ ಪ್ರಶ್ನೆಗೆ ನಲವತ್ತು ವರ್ಷ ವಯಸ್ಸಾಗಿದೆ. ಅದನ್ನು ಮೊದಲು ಕೇಳಿದವರು ಅಮೆರಿಕದ ಜನಸಾಮಾನ್ಯರು. 1980ರ ದಶಕದ ನಡುವಿನಿಂದ ಅವರು ಪತ್ರಿಕೆಯಲ್ಲಿ ಜಾಹೀರಾತು ನೋಡಿ, ಫೋನ್ ಮಾಡಿ, ಕಣ್ಣಿಂದ ನೋಡದ ಕಂಪ್ಯೂಟರನ್ನು ಪಾರ್ಸೆಲ್ ಮೂಲಕ ಮನೆಗೆ ತರಿಸಿಕೊಳ್ಳತೊಡಗಿದರು. ಮೋಸ ಹೋದವರಿದ್ದರು, ಅರ್ಧ ಬೆಲೆಗೆ ಒಳ್ಳೆಯ ಯಂತ್ರ ಪಡೆದವರೂ ಇದ್ದರು. ಅವರು ಕಲಿತ ಪರೀಕ್ಷೆಗಳಲ್ಲಿ ಬಹುಪಾಲು ಇಂದಿಗೂ ಉಪಯೋಗಕ್ಕೆ ಬರುತ್ತವೆ.

‘ಕ್ಲೋನ್’ ಎಂದರೇನು?

1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಘೋಷಿಸಿತು. ಕನಿಷ್ಠ ಬೆಲೆ 1,565 ಡಾಲರ್. ಆ ಬೆಲೆಗೆ ಸಿಗುತ್ತಿದ್ದದ್ದು 16 ಕಿಲೋಬೈಟ್ ಮೆಮೊರಿ ಮತ್ತು ಕೀಬೋರ್ಡ್. ಪರದೆ ಇಲ್ಲ, ಡಿಸ್ಕ್ ಡ್ರೈವ್ ಇಲ್ಲ, ಮನೆಯ ಟಿ.ವಿ.ಗೆ ಜೋಡಿಸಿಕೊಳ್ಳಬೇಕು. ಬೇಗ ಮಾರುಕಟ್ಟೆಗೆ ಬರಬೇಕೆಂಬ ಅವಸರದಲ್ಲಿ ಐಬಿಎಂ ಮುಖ್ಯ ಭಾಗಗಳನ್ನು ತಾನೇ ತಯಾರಿಸದೆ ಹೊರಗಿನಿಂದ ಕೊಂಡಿತು. ಪ್ರೊಸೆಸರ್ ಇಂಟೆಲ್‌ನ 8088, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನದು. ಐಬಿಎಂಗೆ ಸಿಕ್ಕ ಈ ಸಾಮಾನು ಬೇರೆಯವರಿಗೂ ಅಂಗಡಿಯಲ್ಲಿ ಸಿಗುತ್ತಿತ್ತು.

ಸಿಗದೇ ಇದ್ದದ್ದು ಒಂದೇ: ಬಯಾಸ್. ಯಂತ್ರದೊಳಗಿನ ರಾಮ್ ಅಲ್ಲ, ರೋಮ್ ಚಿಪ್‌ನಲ್ಲಿ ಕೂತಿರುವ ಸಣ್ಣ ಪ್ರೋಗ್ರಾಂ ಅದು. ಆಪರೇಟಿಂಗ್ ಸಿಸ್ಟಂ ಮತ್ತು ಯಂತ್ರದ ಭಾಗಗಳ ನಡುವಿನ ದುಭಾಷಿ. ವಿಚಿತ್ರವೆಂದರೆ ಐಬಿಎಂ ತನ್ನ ಬಯಾಸ್‌ನ ಪೂರ್ಣ ಕೋಡನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಮಾರುತ್ತಿತ್ತು. ಓದಬಹುದು, ಆದರೆ ಕೃತಿಸ್ವಾಮ್ಯ ಇದ್ದುದರಿಂದ ನಕಲು ಮಾಡುವಂತಿಲ್ಲ. ತೀರ ಹೋಲುವ ಬಯಾಸ್ ಹಾಕಿ ಮಾರಿದ ಕೆಲವರ ಮೇಲೆ ಐಬಿಎಂ ಮೊಕದ್ದಮೆ ಹೂಡಿತು.

ಕಾನೂನು ಮೀರದೆ ಇದನ್ನು ದಾಟಿದ ಬಗೆ ತುಂಬಾ ಜಾಣತನದ್ದು. ಅದನ್ನು ಬಿರಿಯಾನಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಂದು ಹೋಟೆಲಿನ ಬಿರಿಯಾನಿಯ ಚೀಟಿ ನಿಮಗೆ ಬೇಕು, ಆದರೆ ಚೀಟಿ ನೋಡಿ ಮಾಡಿದರೆ ಅದು ಕಳವು. ಆಗ ಒಬ್ಬನನ್ನು ಒಳಗೆ ಕಳಿಸುತ್ತೀರಿ. ಅವನು ತಿಂದು, ನೋಡಿ, “ಅಕ್ಕಿ ಇಷ್ಟು ಉದ್ದ, ಖಾರ ಇಷ್ಟು, ತುಪ್ಪ ಕೈಗೆ ಹತ್ತುವುದಿಲ್ಲ” ಎಂದು ಫಲವನ್ನು ಮಾತ್ರ ಬರೆದುಕೊಡುತ್ತಾನೆ. ಆ ಹೋಟೆಲಿನ ಮುಖವನ್ನೇ ನೋಡದ ಇನ್ನೊಬ್ಬ ಬಾಣಸಿಗ ಆ ವಿವರಣೆಗೆ ಹೊಂದುವ ಬಿರಿಯಾನಿಯನ್ನು ತನ್ನದೇ ವಿಧಾನದಲ್ಲಿ ಮಾಡುತ್ತಾನೆ. ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ‘ಕ್ಲೀನ್ ರೂಮ್’ ವಿಧಾನ ಎನ್ನುತ್ತಾರೆ. 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಹೀಗೆಯೇ ಬಯಾಸ್ ಬರೆಸಿ, ಅದೇ ವರ್ಷ ನವೆಂಬರ್‌ನಲ್ಲಿ ಸೂಟ್‌ಕೇಸಿನಂಥ, ಹದಿಮೂರು ಕಿಲೋ ತೂಗುವ ‘ಪೋರ್ಟಬಲ್’ ಕಂಪ್ಯೂಟರನ್ನು ಘೋಷಿಸಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ವಿಧಾನದಲ್ಲಿ ಬಯಾಸ್ ಬರೆದು, ಹಣ ಕೊಟ್ಟ ಯಾರಿಗಾದರೂ ಬಳಕೆಗೆ ಕೊಡತೊಡಗಿತು. ಕೊನೆಯ ಬೀಗವೂ ತೆರೆಯಿತು. ಇನ್ನು ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರೂ ಐಬಿಎಂಗೆ ಹೊಂದುವ ಕಂಪ್ಯೂಟರ್ ಮಾಡಬಹುದಿತ್ತು. ಅದೇ ಕ್ಲೋನ್. ನಾವು ಈಗ ‘ಅಸೆಂಬಲ್ಡ್’ ಎನ್ನುವುದು ಅದೇ ವಂಶದ್ದು.

ಅಂಗಡಿಯಿಲ್ಲದ ವ್ಯಾಪಾರ

1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ 19 ವರ್ಷದ ಮೈಕೆಲ್ ಡೆಲ್ 1,000 ಡಾಲರ್ ಬಂಡವಾಳದಿಂದ ಕಂಪನಿ ತೆರೆದ. ಮರುವರ್ಷ ಅವನು ಮಾರಿದ ಟರ್ಬೊ ಪಿ.ಸಿ.ಯ ಬೆಲೆ 795 ಡಾಲರ್. ಅದೇ 1985ರಲ್ಲಿ ಅಯೋವಾ ರಾಜ್ಯದ ಒಂದು ದನದ ಫಾರ್ಮಿನಲ್ಲಿ ಟೆಡ್ ವೇಟ್ ಆರಂಭಿಸಿದ ವ್ಯಾಪಾರ ಮುಂದೆ ಗೇಟ್‌ವೇ 2000 ಆಯಿತು. ಅದರ ಪೆಟ್ಟಿಗೆಗಳ ಮೇಲೆ ಕಪ್ಪು ಬಿಳುಪು ಹಸುವಿನ ಮಚ್ಚೆಗಳ ಚಿತ್ರ! ಇವರ ಜೊತೆಗೆ ಹೆಸರು ಉಳಿಯದ ನೂರಾರು ಸಣ್ಣ ವ್ಯಾಪಾರಿಗಳು. ಇವರೆಲ್ಲರ ಜಾಹೀರಾತು ಬರುತ್ತಿದ್ದ ‘ಕಂಪ್ಯೂಟರ್ ಶಾಪರ್’ ಎಂಬ ಮಾಸಪತ್ರಿಕೆ 1990ರ ದಶಕದ ಆರಂಭದಲ್ಲಿ 800 ಪುಟ ದಾಟಿತ್ತು. ಓದುವ ಲೇಖನ ಅಷ್ಟಿಷ್ಟು, ಉಳಿದದ್ದೆಲ್ಲ ಬೆಲೆಪಟ್ಟಿ.

ಬೆಲೆ ಅಷ್ಟು ಕಡಿಮೆ ಯಾಕೆ? ಅಂಗಡಿಯವನ ಲಾಭಾಂಶ ಉಳಿಯಿತು ಎನ್ನುವುದು ಅರ್ಧ ಉತ್ತರ. ವಾಣಿಜ್ಯ ವಿಭಾಗದವರು ಉಳಿದರ್ಧವನ್ನು ಗಮನಿಸಬೇಕು. ಚಿಪ್ ಮತ್ತು ಡಿಸ್ಕ್‌ಗಳ ಬೆಲೆ ಸಂಜೆಯ ಮೀನಿನಂತೆ ಇಳಿಯುತ್ತಲೇ ಇರುತ್ತದೆ. ಮೂರು ತಿಂಗಳ ಮಾಲು ಗೋದಾಮಿನಲ್ಲಿಟ್ಟ ಅಂಗಡಿಯವನು ಹಳೆಯ ಬೆಲೆಗೆ ಕೊಂಡದ್ದನ್ನೇ ಮಾರಬೇಕು. ಫೋನಿನಲ್ಲಿ ಆರ್ಡರ್ ಬಂದ ಮೇಲೆ ಜೋಡಿಸುವವನು ಈ ವಾರದ ಬೆಲೆಗೆ ಭಾಗ ಕೊಳ್ಳುತ್ತಾನೆ. ಜೊತೆಗೆ ಗಿರಾಕಿಯ ಹಣ ಮೊದಲೇ ಕೈಸೇರುತ್ತದೆ, ಭಾಗ ಕೊಟ್ಟವನಿಗೆ ಆಮೇಲೆ ಕೊಟ್ಟರಾಯಿತು. ಹೀಗೆ ಕಡಿಮೆ ಬೆಲೆಗೆ ನ್ಯಾಯವಾದ ಕಾರಣವೂ ಇತ್ತು. ಕಳಪೆ ಭಾಗ ತುಂಬುವ ಅನ್ಯಾಯದ ಕಾರಣವೂ ಇರಬಹುದಿತ್ತು. ಜಾಹೀರಾತಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಕಳಪೆ ಮಾಲು ಒಳ್ಳೆಯ ಮಾಲನ್ನು ಓಡಿಸುವ ಬಗೆ

ಇಲ್ಲಿ ಸ್ವಲ್ಪ ಅರ್ಥಶಾಸ್ತ್ರ ಬೇಕು. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. 2001ರ ನೊಬೆಲ್ ಪ್ರಶಸ್ತಿಯನ್ನು ಅವರು ಇಬ್ಬರೊಂದಿಗೆ ಹಂಚಿಕೊಂಡರು. ವಾದ ಸರಳ. ಒಂದು ಒಳ್ಳೆಯ ಹಳೆಯ ಬೈಕಿಗೆ 40,000, ಕೆಟ್ಟದ್ದಕ್ಕೆ 20,000 ಬೆಲೆ ಎಂದುಕೊಳ್ಳಿ. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ನೀವು ನಡುವಿನ ಬೆಲೆ 30,000 ಕೊಡಲು ಒಪ್ಪುತ್ತೀರಿ. ಆ ಬೆಲೆಗೆ ಒಳ್ಳೆಯ ಬೈಕಿನವನು ಮಾರದೆ ಎದ್ದು ಹೋಗುತ್ತಾನೆ, ಕೆಟ್ಟದ್ದರವನು ಖುಷಿಯಿಂದ ಮುಂದೆ ಬರುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಬರೀ ಕೆಟ್ಟ ಬೈಕು.

ಹೀಗಾಗದಂತೆ ತಡೆಯುವುದು ಯಾವುದು? ಒಳ್ಳೆಯ ಮಾಲಿನವನು ಮಾತ್ರ ಕೊಡಬಲ್ಲ, ಕಳಪೆಯವನು ಕೊಟ್ಟರೆ ದಿವಾಳಿಯಾಗುವಂಥ ಭರವಸೆ. “ನಮ್ಮದು ಅತ್ಯುತ್ತಮ” ಎಂದು ಬರೆಯಲು ಖರ್ಚಿಲ್ಲ, ಯಾರೂ ಬರೆಯಬಹುದು. “ಮೂವತ್ತು ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸಿ, ಸಾಗಣೆ ವೆಚ್ಚವೂ ನಮ್ಮದು” ಎಂದು ಬರೆಯಲು ಖರ್ಚಿದೆ. ಆದ್ದರಿಂದ ಬಲ್ಲವರು ಜಾಹೀರಾತಿನ ದೊಡ್ಡಕ್ಷರ ಬಿಟ್ಟು, ಕೆಳಗಿನ ಸಣ್ಣಕ್ಷರದಿಂದ ಓದಲು ಶುರುಮಾಡುತ್ತಿದ್ದರು. ಹಿಂದಿರುಗಿಸಿದರೆ ಶೇ. 15ರಷ್ಟು ‘ಮರುದಾಸ್ತಾನು ಶುಲ್ಕ’ ಹಿಡಿಯುತ್ತಾರೆಯೇ? ವಾರಂಟಿ ಇರುವುದು ಭಾಗಕ್ಕೆ ಮಾತ್ರವೇ, ದುರಸ್ತಿಯ ಕೂಲಿಗೂ ಇದೆಯೇ? ಕೊಳ್ಳುವ ಮುಂಚೆಯೇ ಸಹಾಯವಾಣಿಗೆ ಒಮ್ಮೆ ಫೋನ್ ಮಾಡಿ, ಎಷ್ಟು ಹೊತ್ತು ಕಾಯಿಸುತ್ತಾರೆಂದು ನೋಡುವವರೂ ಇದ್ದರು. ನನಗೆ ತುಂಬಾ ಮೆಚ್ಚುಗೆಯಾದ ಪರೀಕ್ಷೆ ಇದು. ಒಂದು ಪೈಸೆ ಖರ್ಚಿಲ್ಲ, ಸುಳ್ಳು ಹೇಳಲು ಎದುರಿನವನಿಗೆ ಅವಕಾಶವೂ ಇಲ್ಲ.

ಕಾನೂನಿನ ಬೆಂಬಲವೂ ಇತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಹೊರಡಿಸಿದ ನಿಯಮದಂತೆ, ಅಂಚೆ ವ್ಯಾಪಾರಿಯು ಹೇಳಿದ ಅವಧಿಯಲ್ಲಿ ಮಾಲು ಕಳಿಸಬೇಕು. ಅವಧಿ ಹೇಳಿರದಿದ್ದರೆ 30 ದಿನ. ತಡವಾದರೆ ಹಣ ವಾಪಸ್ ಪಡೆಯುವ ಆಯ್ಕೆ ಗಿರಾಕಿಗೆ ಕೊಡಬೇಕು. ಚೆಕ್ ಕಳಿಸಬೇಡಿ, ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ ಎಂಬ ಬುದ್ಧಿಮಾತಿಗೂ ಕಾರಣ ಕಾನೂನೇ. ಕಾರ್ಡಿನ ಬಿಲ್ಲಿನ ಬಗ್ಗೆ 60 ದಿನದೊಳಗೆ ಬರಹದಲ್ಲಿ ತಕರಾರು ಎತ್ತುವ ಹಕ್ಕನ್ನು 1974ರ ಕಾಯ್ದೆ ಕೊಟ್ಟಿತ್ತು.

ಜಾಹೀರಾತು ಹೇಳದೆ ಬಿಟ್ಟದ್ದು

ಪೂರ್ಣ ಸುಳ್ಳು ಬರೆಯುವವರು ಕಡಿಮೆ. ಅರ್ಧ ನಿಜ ಬರೆಯುವವರೇ ಹೆಚ್ಚು. ‘40 ಮೆಗಾಬೈಟ್ ಹಾರ್ಡ್ ಡಿಸ್ಕ್’ ಎಂದು ಬರೆದು ಅದರ ವೇಗ ಬರೆಯದಿದ್ದರೆ ಸಂಶಯಪಡಬೇಕು. ಮಾಹಿತಿ ಹುಡುಕಲು 65 ಮಿಲಿಸೆಕೆಂಡ್ ತೆಗೆದುಕೊಳ್ಳುವ ಅಗ್ಗದ ಡಿಸ್ಕ್‌ಗೂ 28 ಮಿಲಿಸೆಕೆಂಡಿನ ಡಿಸ್ಕ್‌ಗೂ ಬಳಕೆಯಲ್ಲಿ ಅಜಗಜಾಂತರ. ‘ಬಣ್ಣದ ಮಾನಿಟರ್’ ಎಂದಷ್ಟೇ ಬರೆದರೆ ಚುಕ್ಕಿಗಳ ಅಂತರ ಕೇಳಬೇಕು. 0.28 ಮಿಲಿಮೀಟರ್ ಇದ್ದರೆ ಅಕ್ಷರ ಸ್ಪಷ್ಟ, 0.39 ಇದ್ದರೆ ಸಂಜೆಗೆ ತಲೆನೋವು.

ಮೆಮೊರಿಯ ಕಥೆ ಇನ್ನೂ ಸ್ವಾರಸ್ಯದ್ದು. ಆಗಿನ ಕಂಪ್ಯೂಟರುಗಳಲ್ಲಿ ಪ್ರತಿ ಎಂಟು ಬಿಟ್‌ಗೆ ಒಂಬತ್ತನೆಯದೊಂದು ಕಾವಲು ಬಿಟ್ ಇರುತ್ತಿತ್ತು. ಅದರ ಹೆಸರು ಪ್ಯಾರಿಟಿ. ಎಂಟರಲ್ಲಿ ಒಂದು ಬಿಟ್ ಕೆಟ್ಟರೆ ಲೆಕ್ಕ ತಾಳೆಯಾಗದೆ ಯಂತ್ರ ನಿಂತುಬಿಡುತ್ತಿತ್ತು. ತಪ್ಪು ಲೆಕ್ಕವನ್ನು ಸದ್ದಿಲ್ಲದೆ ಕೊಡುವುದಕ್ಕಿಂತ ನಿಲ್ಲುವುದು ಮೇಲಲ್ಲವೇ? ಒಂಬತ್ತನೇ ಚಿಪ್‌ಗೂ ದುಡ್ಡು ಬೇಕು. 1990ರ ದಶಕದಲ್ಲಿ ಕೆಲವರು ಅದರ ಜಾಗದಲ್ಲಿ ಬೇರೊಂದು ಅಗ್ಗದ ಚಿಪ್ ಹಾಕಿದರು. ಅದು ಏನನ್ನೂ ನೆನಪಿಟ್ಟುಕೊಳ್ಳದು. ಕೇಳಿದಾಗ ಎದುರಿಗಿರುವ ಎಂಟು ಬಿಟ್ ನೋಡಿ, ಅದಕ್ಕೆ ಹೊಂದುವ ಉತ್ತರವನ್ನು ಆ ಕ್ಷಣ ಸೃಷ್ಟಿಸಿ “ಸರಿಯಾಗಿದೆ” ಎನ್ನುತ್ತದೆ. ತರಗತಿಯೊಳಗೆ ಇಣುಕದೆ ಎಲ್ಲರಿಗೂ ಹಾಜರಿ ಹಾಕುವ ಲೀಡರ್‌ನ ಹಾಗೆ! ಇದಕ್ಕಿಂತ ಧೈರ್ಯದವರೂ ಇದ್ದರು. ಕೆಲವು 486 ಮದರ್‌ಬೋರ್ಡುಗಳ ಮೇಲೆ ಕ್ಯಾಶ್ ಮೆಮೊರಿ ಎಂದು ಕೂರಿಸಿದ್ದು ಒಳಗೆ ಏನೂ ಇಲ್ಲದ ಪ್ಲಾಸ್ಟಿಕ್ ತುಂಡು. ಪರದೆಯ ಮೇಲೆ ಕ್ಯಾಶ್ ಇದೆ ಎಂದು ತೋರಿಸುವಂತೆ ಬಯಾಸನ್ನೇ ತಿದ್ದಿಟ್ಟಿದ್ದರು. ಇದನ್ನು ಹಿಡಿದದ್ದು ಕಣ್ಣಲ್ಲ, ವೇಗ ಅಳೆಯುವ ಪ್ರೋಗ್ರಾಂ. ಕ್ಯಾಶ್ ಇದ್ದರೂ ಆರಿಸಿದರೂ ವೇಗ ಒಂದೇ ಎಂದಾದರೆ ಅಲ್ಲಿ ಕ್ಯಾಶ್ ಇಲ್ಲ. ಪ್ರೊಸೆಸರಿನ ಮೇಲಿನ ಅಂಕಿ ಉಜ್ಜಿ ಹೆಚ್ಚಿನ ವೇಗದ ಅಂಕಿ ಅಚ್ಚುಹಾಕುವ ದಂಧೆಯೂ ಆಗ ನಡೆದಿತ್ತು.

ಹೊಂದಾಣಿಕೆಯ ಪರೀಕ್ಷೆಗೆ ಒಂದು ಆಟ ಪ್ರಸಿದ್ಧವಾಗಿತ್ತು: ಮೈಕ್ರೋಸಾಫ್ಟ್‌ನ ವಿಮಾನ ಹಾರಿಸುವ ಆಟ, ಫ್ಲೈಟ್ ಸಿಮ್ಯುಲೇಟರ್. ಜೊತೆಗೆ ಲೋಟಸ್ 1-2-3 ಎಂಬ ಲೆಕ್ಕದ ಪ್ರೋಗ್ರಾಂ. ಎರಡೂ ವೇಗಕ್ಕಾಗಿ ಯಂತ್ರದ ಭಾಗಗಳನ್ನು ನೇರವಾಗಿ ಮುಟ್ಟುತ್ತಿದ್ದವು. ಇವೆರಡೂ ಓಡಿದರೆ ಕ್ಲೋನ್ ನಿಜವಾದ ಕ್ಲೋನ್. ಹೀಗಾಗಿ ಕಚೇರಿಯ ಕೆಲಸಕ್ಕೆ ಕಂಪ್ಯೂಟರ್ ಕೊಳ್ಳುವ ಗಂಭೀರ ಜನ ಮೊದಲು ವಿಮಾನ ಹಾರಿಸಿ ನೋಡುತ್ತಿದ್ದರು.

ಪೆಟ್ಟಿಗೆ ಬಂದ ಮೇಲೆ

ಮೊದಲು ಹೊರಗಿನ ಪೆಟ್ಟಿಗೆ. ಮೂಲೆ ಜಜ್ಜಿದೆಯೇ, ಒದ್ದೆಯಾಗಿದೆಯೇ? ಪೆಟ್ಟಿಗೆ ಮತ್ತು ಥರ್ಮೊಕೋಲನ್ನು ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಎಸೆಯಬಾರದು. ವಿದ್ಯುತ್ ಕೊಡುವ ಮುಂಚೆ ಮುಚ್ಚಳ ತೆಗೆದು ನೋಡಬೇಕು. ಸಾಗಣೆಯ ಕುಲುಕಾಟಕ್ಕೆ ಕಾರ್ಡುಗಳು ಸ್ಲಾಟಿನಿಂದ ಎದ್ದಿರಬಹುದು, ಸಡಿಲವಾದ ಒಂದು ಸ್ಕ್ರೂ ಬೋರ್ಡಿನ ಮೇಲೆ ಬಿದ್ದಿದ್ದರೆ ಸ್ವಿಚ್ ಹಾಕಿದ ಕ್ಷಣ ಎಲ್ಲ ಮುಗಿಯಿತು. ಬೋರ್ಡಿನ ಮೇಲೆ ಕೈಯಿಂದ ಬೆಸುಗೆ ಹಾಕಿದ ತೆಳು ತಂತಿಗಳು ಕಂಡರೆ, ವಿನ್ಯಾಸದ ತಪ್ಪನ್ನು ಆಮೇಲೆ ತಿದ್ದಿದ್ದಾರೆ ಎಂದರ್ಥ. ಒಂದು ತಂತಿ ಇದ್ದರೆ ಕ್ಷಮಿಸಬಹುದು. ನಾಲ್ಕೈದು ಇದ್ದರೆ ಆ ಬೋರ್ಡು ಅವಸರದಲ್ಲಿ ಹುಟ್ಟಿದ್ದು. ಭಾಗಗಳ ಅಳತೆ ಎಲ್ಲರೂ ಬಳಸುವ ಅಳತೆಯೇ ಎಂಬುದೂ ಮುಖ್ಯ. ಹೊರಗಿಂದ ಮಾಮೂಲಿಯಂತೆ ಕಾಣುವ, ಆದರೆ ತಂತಿಗಳ ಕ್ರಮ ಬೇರೆಯಿರುವ ಪವರ್ ಸಪ್ಲೈ ಹಾಕಿದ ದೊಡ್ಡ ಕಂಪನಿಗಳೂ ಇದ್ದವು. ಅಂಥದ್ದು ಕೆಟ್ಟಾಗ ಪೇಟೆಯ ಬೇರೆ ಸಪ್ಲೈ ಜೋಡಿಸಿದರೆ ಬೋರ್ಡೇ ಸುಡುತ್ತದೆ.

ಆಮೇಲೆ ಯಂತ್ರವನ್ನು 48 ಅಥವಾ 72 ಗಂಟೆ ಆರಿಸದೆ ಓಡಿಸಬೇಕು. ಇದಕ್ಕೆ ವಿಜ್ಞಾನದ ಕಾರಣವಿದೆ. ಎಲೆಕ್ಟ್ರಾನಿಕ್ ಭಾಗಗಳು ಕೆಡುವ ಪ್ರಮಾಣವನ್ನು ಗ್ರಾಫ್ ಮಾಡಿದರೆ ಸ್ನಾನದ ತೊಟ್ಟಿಯ ಆಕಾರ ಬರುತ್ತದೆ: ಆರಂಭದಲ್ಲಿ ಎತ್ತರ, ನಡುವೆ ವರ್ಷಗಟ್ಟಲೆ ತಗ್ಗು, ಮುಪ್ಪಿನಲ್ಲಿ ಮತ್ತೆ ಎತ್ತರ. ತಯಾರಿಕೆಯಲ್ಲೇ ದೋಷವಿದ್ದ ಭಾಗ ಮೊದಲ ದಿನಗಳ ಬಿಸಿಗೆ ಸಾಯುತ್ತದೆ. ಒಳ್ಳೆಯ ವ್ಯಾಪಾರಿಗಳು ಕಳಿಸುವ ಮುಂಚೆ ಈ ‘ಬರ್ನ್ ಇನ್’ ಮಾಡುತ್ತಿದ್ದರು. ಎಲ್ಲರೂ ಮಾಡುತ್ತೇವೆ ಎಂದು ಹೇಳುತ್ತಿದ್ದರು ಮಾತ್ರ. ಕೊಂಡವನು ತಾನೇ ಮಾಡಿದರೆ, ಕೆಡುವುದು ಹಿಂದಿರುಗಿಸುವ ಅವಧಿಯೊಳಗೇ ಕೆಡುತ್ತದೆ.

ನಮ್ಮಲ್ಲಿ, ಈಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸುವವರು, ಆನ್‌ಲೈನ್‌ನಲ್ಲಿ ‘ರಿಫರ್ಬಿಶ್ಡ್’ ಲ್ಯಾಪ್‌ಟಾಪ್ ತರಿಸುವವರು ಎದುರಿಸುವುದು ಇದೇ ಕಷ್ಟ. ಹಳೆಯ ‘40 ಮೆಗಾಬೈಟ್ ಡಿಸ್ಕ್’ ಜಾಹೀರಾತಿನ ಇಂದಿನ ರೂಪ ‘ಐ7 ಪ್ರೊಸೆಸರ್’ ಎಂಬ ಎರಡು ಶಬ್ದ. ಯಾವ ತಲೆಮಾರಿನ ಐ7? ಇಂಟೆಲ್ ಕೋರ್ ಪ್ರೊಸೆಸರಿನ ಪೂರ್ಣ ಸಂಖ್ಯೆ ಕೇಳಿ. ಐ5-3470 ಎಂದರೆ ಮೂರನೇ ತಲೆಮಾರು, 2012ರದ್ದು. ಐ3-12100 ಎಂದರೆ ಹನ್ನೆರಡನೆಯದು, 2022ರದ್ದು. ಹೆಸರಿನಲ್ಲಿ ಐ5 ದೊಡ್ಡದು, ಕೆಲಸದಲ್ಲಿ ಆ ಐ3 ಬಹಳ ಮುಂದೆ. ಇನ್ನೊಂದು ಮಾತು: ಇಂಟೆಲ್ ಯಂತ್ರಗಳಲ್ಲಿ ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಇರುವುದು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಗೆ, ಮತ್ತು ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಗ್ಗದ ಹಳೆಯ ಲ್ಯಾಪ್‌ಟಾಪುಗಳ ರಾಶಿ ಪೇಟೆಗೆ ಬಂದದ್ದರ ಹಿಂದೆ ಇದೂ ಒಂದು ಕಾರಣವಿರಬಹುದು. ಲಿನಕ್ಸ್ ಹಾಕಿಕೊಳ್ಳಲು ಸಿದ್ಧರಿದ್ದವರಿಗೆ ಅದರಲ್ಲಿ ಒಳ್ಳೆಯ ಯಂತ್ರಗಳೂ ಸಿಗುತ್ತವೆ.

ಅಸೆಂಬಲ್ ಮಾಡಿಸುವಾಗ ಕೊಟೇಶನ್‌ನಲ್ಲಿ ‘500 ವ್ಯಾಟ್ ಎಸ್‌ಎಂಪಿಎಸ್’, ‘8 ಜಿಬಿ ರಾಮ್’ ಎಂದಷ್ಟೇ ಬರೆದರೆ ಒಪ್ಪಬೇಡಿ. ಪ್ರತಿ ಭಾಗದ ಕಂಪನಿ, ಮಾದರಿ ಸಂಖ್ಯೆ ಬರೆಸಿ. ದುಡ್ಡು ಉಳಿಸಲು ಅಂಗಡಿಯವರು ಮೊದಲು ಕೈಹಾಕುವುದು ಎಸ್‌ಎಂಪಿಎಸ್‌ಗೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಕೆಟ್ಟರೆ ಉಳಿದವನ್ನೂ ಜೊತೆಗೆ ಕರೆದೊಯ್ಯುತ್ತದೆ. ನಮ್ಮೂರಿನ ಕರೆಂಟಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಹಳೆಯ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಿ, ಅದು ಸಾವಿನ ಮುನ್ಸೂಚನೆ. ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳು ತಾವು ಎಷ್ಟು ಗಂಟೆ ಓಡಿದ್ದೇವೆಂದು ಲೆಕ್ಕ ಇಟ್ಟುಕೊಂಡಿರುತ್ತವೆ. ಅದನ್ನು ಓದುವ ಉಚಿತ ಪ್ರೋಗ್ರಾಂಗಳಿವೆ. ‘ಹೊಸದು’ ಎಂದು ಕೊಟ್ಟ ಡಿಸ್ಕ್ 9,000 ಗಂಟೆ ತೋರಿಸಿದರೆ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಹಗಲಿರುಳು ದುಡಿದಿದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ವಿಂಡೋಸ್‌ನ ಬ್ಯಾಟರಿ ವರದಿಯೇ ಹೇಳುತ್ತದೆ. ಈ ಎರಡನ್ನೂ ತೆಗೆಯುವ ಬಗೆ ಲ್ಯಾಬ್‌ನಲ್ಲಿ ಐದು ನಿಮಿಷದ ಕೆಲಸ, ಬಂದು ಕೇಳಿ. ಚಾರ್ಜರ್ ಹೊಸದಾದರೆ ಅದರ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು.

ಗಲ್ಫ್‌ನಲ್ಲಿರುವ ಅಣ್ಣ, ಮಾವ ಲ್ಯಾಪ್‌ಟಾಪ್ ತರುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಕೊಳ್ಳುವ ಮುಂಚೆಯೇ ಅವರಿಗೆ ಎರಡು ವಿಷಯ ತಿಳಿಸಿ. ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದು ಬರಹದಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಎಲ್ಲ ಮಾದರಿಗಳಿಗೂ ಅದು ಇರುವುದಿಲ್ಲ. ಅಂಗಡಿಯ ಬಿಲ್ಲನ್ನು ಫೋಟೊ ತೆಗೆದು ಕಳಿಸಬೇಕು. ಆ ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.

ಇಲ್ಲೇ ಕೊಂಡಿದ್ದರೆ ಜಿಎಸ್‌ಟಿ ಸಂಖ್ಯೆ ಮತ್ತು ಯಂತ್ರದ ಸೀರಿಯಲ್ ನಂಬರ್ ಇರುವ ಬಿಲ್ಲು ಬೇಕೇಬೇಕು. “ಬಿಲ್ ಬೇಡವಾದರೆ ಸಾವಿರ ಕಡಿಮೆ” ಎನ್ನುವವರಿದ್ದಾರೆ. ಆ ಸಾವಿರಕ್ಕೆ ನೀವು ಮಾರುವುದು ನಿಮ್ಮ ವಾರಂಟಿಯನ್ನು. ಪಾರ್ಸೆಲ್ ತೆರೆಯುವಾಗ ಲೇಬಲ್‌ನಿಂದ ಆರಂಭಿಸಿ ಕೊನೆಯವರೆಗೆ ತುಂಡಾಗದ ಒಂದೇ ವಿಡಿಯೊ ಮಾಡಿಸಿ. ಮಾತುಕತೆಯಿಂದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಿದವನು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ದೂರಿನ ಜೊತೆ ಲಗತ್ತಿಸಬೇಕಾದದ್ದು ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು ನೀವು ಅವರಿಗೆ ಬರೆದ ಪತ್ರ ಅಥವಾ ಇಮೇಲ್. ಜಾಹೀರಾತಿನ ಪುಟ ಮಾರಾಟದ ನಂತರ ಬದಲಾಗಬಹುದು, ಸ್ಕ್ರೀನ್‌ಶಾಟನ್ನು ಆರ್ಡರ್ ಮಾಡುವ ದಿನವೇ ತೆಗೆದಿಡಿ.